ಬೆನ್ನ ಕಡೆಯಿಂದ

ಮರುಳಯ್ಯನ ಮುಖ ನಿಮಗೆಲ್ಲ ಗೊತ್ತು.
ನನಗೆ ಗೊತ್ತಿರುವುದು ಬೆನ್ನು.
ಅರಸೀಕೆರೆಯ ಜೇನುಕಲ್ಲು ಡ್ರಾಮಾ ಸೀನರಿಯಲ್ಲಿ
ಇಪ್ಪತ್ತೇಳು ವರ್ಷ ಹಗ್ಗ ಎಳೆದವನು ನಾನು.
ದರ್ಬಾರು ಇಳಿಸು, ಕಾಡು ಏರಿಸು,
ಇಲಿ ಕಡಿದ ಅರಮನೆಗೆ ಅಂಟು ಹಚ್ಚು.
ಅಷ್ಟು ಹೊತ್ತೂ
ಬೀದಿ ಸೀನಿನ ಮುಂದೆ ಅವನೊಬ್ಬನೇ.
ಹಾಸ್ಯಪಾರ್ಟು ಅಂದರೆ ಇಷ್ಟೇ ಕಣ್ರೀ,
ಹಿಂದಿನ ಸುತ್ತಿಗೆ ಸದ್ದು
ಮುಂದಿನವರಿಗೆ ಕೇಳದ ಹಾಗೆ ನಗಿಸುವುದು.

ಪರದೆಯ ಸೀಳಿನಲ್ಲಿ ಒಂದು ಗೇಣು ಬೆನ್ನು,
ಬೆವರಿಗೆ ಅಂಟಿದ ಜುಬ್ಬ, ತುಕ್ಕು ಹಿಡಿದ ಪಿನ್ನು.
ಎಡಗೈ ಹಿಂದಕ್ಕೆ ಚಾಚಿರುತ್ತಿತ್ತು, ಅಂಗೈ ಮೇಲೆ.
ನಾನು ಒಂದು ಸಲ ತಟ್ಟಿದರೆ: ಆಯ್ತು, ಮುಗಿಸು.
ಎರಡು ಸಲ: ಇನ್ನೂ ಎಳಿ.
ನಮ್ಮಿಬ್ಬರ ಮಾತುಕತೆ ಬಹುಪಾಲು ಅದೇ.

ಶುರುವಾದದ್ದು ಬಾಣಾವರದಲ್ಲಂತೆ.
ಹದಿನೇಳರ ಹುಡುಗ, ದೂತನ ಪಾರ್ಟು, ಒಂದೇ ಮಾತು:
'ಪ್ರಭೂ, ಶತ್ರುಸೈನ್ಯ ಕೋಟೆಬಾಗಿಲಿಗೆ ಬಂದಿದೆ.'
ಗ್ಯಾಸ್‌ಲೈಟು ಬುಸುಗುಟ್ಟುತ್ತಿದೆ,
ರಾಜಾಪಾರ್ಟಿನ ಸಾಬ್‌ಜಾನ್ ಸಾಹೇಬರು ಕಣ್ಣು ಬಿಡುತ್ತಿದ್ದಾರೆ,
ಹುಡುಗನ ಬಾಯಿಗೆ ಬಂದದ್ದು:
'ಪ್ರಭೂ, ತಿಪಟೂರು ಬಸ್ಸು ಹೋಗ್ಬಿಡ್ತು.'
ಸಾಹೇಬರು ಹಿರಿದ ಕತ್ತಿ ಹಿರಿದ ಹಾಗೇ ಕೇಳಿದರಂತೆ:
'ಕೊನೆಯದೇ, ದೂತಾ?'

ಅವತ್ತಿನಿಂದ ಶತ್ರುಸೈನ್ಯ ಬರಲೇ ಇಲ್ಲ.
ಬಸ್ಸು ಮಾತ್ರ ಊರೂರಲ್ಲಿ ಹೋಗುತ್ತಲೇ ಇತ್ತು.

ಮೊದಲು ಹನ್ನೆರಡು ರೂಪಾಯಿ, ಎರಡು ಕೊಬ್ಬರಿ ಗಿಟುಕು.
ಆಮೇಲೆ ಎಂಬತ್ತು. ಆಮೇಲೆ ಗೋಡೆಯ ಮೇಲೆ ಹೆಸರು,
ರಾಜಾಪಾರ್ಟಿಗಿಂತ ಒಂದು ಸಾಲು ಕೆಳಗೆ, ಒಂದು ಬೆರಳು ದಪ್ಪ.
'ರಾಜ ಆಗೋಕೆ ಗೌಡ್ರು ಕೈಯಿಂದ ದುಡ್ಡು ಕಟ್ತಾರೆ,
ನಗ್ಸೋನಿಗೆ ಮಾತ್ರ ಕೂಲಿ ನೋಡ್ಲಾ,' ಅಂದಿದ್ದ ಒಮ್ಮೆ
ಬೀಡಿಗೆ ಬೆಂಕಿ ಕೇಳುತ್ತ.

ಜಾವಗಲ್ಲಿನಲ್ಲಿ ಅಟ್ಟ ಮುರಿದು
ಮುಂದಿನ ನಾಲ್ಕು ಹಲ್ಲು ಹೋದವು.
ಜನ ಅದೂ ಪಾರ್ಟೇ ಅಂದುಕೊಂಡು ಸಿಳ್ಳೆ ಹಾಕಿದರು.
ಸಿಂಹಾಸನ ಫಿಂಹಾಫನವಾಯ್ತು, ಸಾಸಿವೆ ಫಾಫಿವೆ.
ಆ ಒಂದು ಅಕ್ಷರ
ಹನ್ನೊಂದು ವರ್ಷ ಅವನ ಮನೆ ನಡೆಸಿತು.

ಮಗಳು ದಾಕ್ಷಾಯಿಣಿ, ಹಾಸನದ ದೊಡ್ಡಾಸ್ಪತ್ರೆಯಲ್ಲಿ ಆಯಾ,
ಹಠ ಹಿಡಿದು ಸೆಟ್ಟು ಕಟ್ಟಿಸಿದಳು.
ಮದುವೆ ಫೋಟೋದಲ್ಲಿ ಅಪ್ಪನ ಬಾಯಿ ತುಂಬಿರಬೇಕು, ಅಷ್ಟೇ ಅವಳ ಆಸೆ.

ಗಂಡಸಿಯಲ್ಲಿ ಮೊದಲ ರಾತ್ರಿ ಹೊಸ ಹಲ್ಲಿಗೆ.
ಮಾತು ರೇಡಿಯೋ ವಾರ್ತೆಯ ಹಾಗೆ ಶುದ್ಧ.
ಒಬ್ಬರೂ ನಗಲಿಲ್ಲ.
ನನ್ನ ಸುತ್ತಿಗೆಯ ಸದ್ದು ನನಗೇ ಕೇಳಿ ನಾಚಿಕೆಯಾಯ್ತು.
ಎಡಗೈ ಹಿಂದಕ್ಕೆ ಬಂತು. ತಟ್ಟಲು ಹೋದೆ.
ಅಂಗೈಗೆ ಏನೋ ಬಿಸಿ, ಒದ್ದೆ.
'ಇಟ್ಕಂಡಿರು.'

ಆಮೇಲೆ ಕೇಳಿ:
'ಪ್ರಭೂ, ತಿಪಟೂರು ಬಫ್ಫು...'
ಇಡೀ ಗಂಡಸಿ ಬಿದ್ದೂ ಬಿದ್ದೂ.

ಒಂದು ಕೈಯಲ್ಲಿ ಹಲ್ಲು, ಇನ್ನೊಂದರಲ್ಲಿ ಹಗ್ಗ.
ಒಂದೇ ಕೈಗೆ ಕಾಡು ಏರಲಿಲ್ಲ,
ಮರಗಳು ಅರ್ಧಕ್ಕೇ ನೇತಾಡಿದವು.
ಅವನು ಅರ್ಧ ಗಂಟೆ ಎಳೆದ.
ಬಲ್ಬಿನ ಬೆಳಕಿಗೆ ಅಂಗೈ ಬಿಡಿಸಿ ನೋಡಿದೆ:
ಇಷ್ಟು ವರ್ಷದಲ್ಲಿ ಮೊದಲ ಸಲ
ನನ್ನ ಕಡೆ ತಿರುಗಿ ನಗುತ್ತಿದ್ದ,
ಮುಖವೊಂದು ಇರಲಿಲ್ಲ.

ಬೆಳಿಗ್ಗೆ ಮುದ್ದೆ, ಹುರುಳಿ ಸಾರು.
ಬೀಡಿ ಕಾಗದದಲ್ಲಿ ಸುತ್ತಿದ್ದನ್ನು ಚಾಚಿದೆ.
'ಮುದ್ದೆ ಅಗಿಯೋನ ನೋಡಿದ್ಯಾ ನಮ್ಮ ಕಡೆ?
ನಿನ್ನ ಜೇಬಲ್ಲಿರ್ಲಿ. ಫೋಟೋ ದಿನ ಕೊಡು.'

ಕೊಟ್ಟೆ.
ಮೊನ್ನೆ ದಾಕ್ಷಾಯಿಣಿ ಆಲ್ಬಮ್ಮು ತೆಗೆದಳು.
ಎಲ್ಲ ಹಲ್ಲೂ ಬಿಟ್ಟು ನಿಂತಿದ್ದಾನೆ ಯಾರೋ ದೊಡ್ಡ ಮನುಷ್ಯ.
ಗುರುತು ಹತ್ತಲಿಲ್ಲ ನನಗೆ.
ಹಾಳೆಯಿಂದ ಬಿಡಿಸಿ
ಫೋಟೋದ ಹಿಂಭಾಗ ತಿರುಗಿಸಿ ನೋಡಿದೆ.
ಸ್ಟುಡಿಯೋ ಸೀಲು, ತಾರೀಖು,
ಒಂದು ಗೇಣು ಬಿಳಿ.